ಅಡುಗೆಮನೆಯ ಕೆಳಗಿನ ಮೀನು

ಸಮುದ್ರದಲ್ಲಿ ಎಣ್ಣೆ ತೆಗೆಯುವ ರಿಗ್ಗಿಗೆ ದೋಣಿ ಕಟ್ಟುವ ಮೊದಲು ಮೇಲಿನವರನ್ನು ಕೇಳಬೇಕು. ಇದು ಕಾನೂನಿನ ಮಾತಲ್ಲ, ಮರ್ಯಾದೆಯ ಮಾತು. ರೇಡಿಯೋದಲ್ಲಿ ಕರೆದು, ನಾವು ಇಂಥವರು, ನಮ್ಮವನೊಬ್ಬ ಈಟಿಬಂದೂಕು ಹಿಡಿದು ಕೆಳಗಿಳಿಯುತ್ತಾನೆ, ರಿಗ್ಗಿನ ಯಾವ ಕಾಲಿಗೆ ಕಟ್ಟಲಿ ಎಂದು ಕೇಳಿದರೆ ಅವರೂ ಮನುಷ್ಯರ ಹಾಗೆ ಉತ್ತರ ಕೊಡುತ್ತಾರೆ. ಪಂಪು ಯಾವ ಕಡೆ ನೀರೆಳೆಯುತ್ತಿದೆ, ಕ್ರೇನು ಯಾವ ಕಡೆ ಭಾರ ಇಳಿಸುತ್ತದೆ ಎಂದು ಹೇಳುತ್ತಾರೆ. ಕೇಳದೆ ಕಟ್ಟಿದ ಹುಡುಗರ ತಲೆಯ ಮೇಲೆ ಬೆಂಕಿ ಆರಿಸುವ ಪೈಪಿನಿಂದ ನೀರು ಬಿಟ್ಟದ್ದನ್ನು ನಾನು ನೋಡಿದ್ದೇನೆ. ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇನೆ.

ನಮ್ಮ ದೋಣಿಯಲ್ಲಿ ಕೇಳುವ ಕೆಲಸ ನನ್ನದು, ಮುಳುಗುವ ಕೆಲಸ ನನ್ನ ತಮ್ಮ ಓವೀಡನದು. ದೋಣಿ ನಮ್ಮಪ್ಪನದು, ಅಂದರೆ ಈಗ ನನ್ನದು. ನಾನು ನೀರಿಗಿಳಿಯುವವಳಲ್ಲ. ಆದರೆ ನಮ್ಮೂರು ಗ್ರ್ಯಾಂಡ್ ಐಲಿನಿಂದ ಹೊರಟರೆ ಸಿಗುವ ಒಂದೊಂದು ರಿಗ್ಗಿನ ಮೇಲೂ ಯಾರ ಮಗ ಇದ್ದಾನೆ, ಯಾರ ಅಳಿಯ ಇದ್ದಾನೆ ಎನ್ನುವುದು ನನಗೆ ಗೊತ್ತು. ಬರಿಗೈಲಿ ನಾನು ಯಾರ ಮನೆಗೂ ಹೋಗುವುದಿಲ್ಲ, ರಿಗ್ಗಿಗೂ ಅಷ್ಟೆ. ಅನ್ನ, ಮಾಂಸ ತುಂಬಿದ ಬಿಸಿ ಬುದಾಂ ಸಾಸೇಜು, ಆ ದಿನದ ಪೇಪರು, ಊರಿನ ನಾಲ್ಕು ಗಾಸಿಪ್ಪು. ಮೇಲಿನಿಂದ ಹಗ್ಗಕ್ಕೆ ಕಟ್ಟಿದ ಬಕೆಟ್ಟು ಇಳಿಯುತ್ತದೆ, ಬುದಾಂ ಮೇಲೇರುತ್ತದೆ, ಕಾಫಿ ಕೆಳಗಿಳಿಯುತ್ತದೆ.

ಆಳದ ನೀಲಿ ನೀರು ಶುರುವಾಗುವ ಅಂಚಿನಲ್ಲಿರುವ ಒಂದು ಹಳೆಯ ರಿಗ್ಗಿನ ಅಡುಗೆಯವನು ನೆಸ್ಟರ್. ಹಿಂದಿನ ಚಳಿಗಾಲದಲ್ಲಿ ಅವನ ಹೆಂಡತಿ ತೀರಿಕೊಂಡಾಗ ಅವನು ರಿಗ್ಗಿನ ಮೇಲಿದ್ದ. ಮಂಜು ಕವಿದು ಹೆಲಿಕಾಪ್ಟರ್ ಬರಲಿಲ್ಲ. ಮಣ್ಣು ಮಾಡಿದ ಮೇಲೆ ಊರು ಮುಟ್ಟಿದ. ಆಮೇಲೆ ಅವನು ರಜೆಗೂ ಸರಿಯಾಗಿ ಇಳಿಯುತ್ತಿರಲಿಲ್ಲ, ಬಾಯಿಯನ್ನೂ ಬಿಡುತ್ತಿರಲಿಲ್ಲ. ಅವನ ಬಾಯಿ ಬಿಡಿಸಿದ್ದು ಒಂದು ಮೀನು. ಅಡುಗೆಮನೆಯ ನೇರ ಕೆಳಗೆ ನಮ್ಮ ಕಡೆ ನಿಂಬೆಮೀನು ಎನ್ನುವ ಜಾತಿಯ ದೊಡ್ಡ ಮೀನೊಂದು ಬಂದು ಬೀಡುಬಿಟ್ಟಿತ್ತು. ಕಂದು ಮೈ, ಚಪ್ಪಟೆ ತಲೆ, ತಲೆಯ ಮೇಲೆ ಬಿಳಿ ಗಾಯದ ಗುರುತು. ನೆಸ್ಟರ್ ಕಟಾಂಜನದ ಪೈಪಿಗೆ ಸೌಟಿನಿಂದ ತಟ್ಟುತ್ತಿದ್ದ. ಮೂರು ಸಲ ಬೇಗ ಬೇಗ, ಸ್ವಲ್ಪ ತಡೆದು ಇನ್ನೊಂದು ಸಲ. ಸದ್ದು ಕಬ್ಬಿಣದಗುಂಟ ನೀರಿಗಿಳಿಯುತ್ತಿತ್ತು, ಮೀನು ಮೇಲೇಳುತ್ತಿತ್ತು. ಮಿಕ್ಕ ಅನ್ನ, ಬೀನ್ಸು, ಸಾಸೇಜಿನ ತುದಿ, ಏನು ಹಾಕಿದರೂ ತಿನ್ನುತ್ತಿತ್ತು. ಮೇಲಿನವರು ಅದಕ್ಕೆ ಜೋಯಿ ಅತ್ತೆ ಎಂದು ಹೆಸರಿಟ್ಟಿದ್ದರು.

"ಮಿಸ್ ಆರ್ಲೀನ್, ಏನು ಬೇಕಾದ್ರೂ ಹೊಡ್ಕೊಳ್ಳಿ," ಎಂದಿದ್ದ ನೆಸ್ಟರ್ ರೇಡಿಯೋದಲ್ಲಿ. "ಅತ್ತೆ ಒಬ್ಳನ್ನ ಬಿಟ್ಬಿಡಿ."

"ನಾನು ಮಾತು ಕೊಟ್ಟೆ ಕಣಪ್ಪ," ಎಂದೆ. ಓವೀಡ್ ಪಕ್ಕದಲ್ಲೇ ಕೂತು ಬುದಾಂ ಜಗಿಯುತ್ತಿದ್ದ. ತಲೆಯನ್ನೂ ಆಡಿಸಿದ. ಅಡುಗೆಮನೆ ಕೆಳಗಿನ ಮೀನನ್ನು ಹೊಡೆಯಬಾರದು ಎನ್ನುವುದು ಯಾರೂ ಹೇಳಿಕೊಡಬೇಕಾದ ಪಾಠವಲ್ಲ.

ಓವೀಡನ ವಿಷಯವನ್ನೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ಒಂದು ಕಾಲಕ್ಕೆ ನಮ್ಮ ತೀರದಲ್ಲಿ ಅವನಷ್ಟು ಆಳಕ್ಕೆ ಇಳಿಯುವವನಿರಲಿಲ್ಲ. ಈಗ ಮಂಡಿ ನೋವು, ಕಿವಿ ನೋವು, ದಪ್ಪ ಹೊಟ್ಟೆ. ಎರಡು ಬೇಸಿಗೆಯಿಂದ ಹೇಳಿಕೊಳ್ಳುವಂಥ ಒಂದು ಮೀನೂ ಅವನ ಈಟಿಗೆ ಸಿಕ್ಕಿರಲಿಲ್ಲ. ಮೀನುಬೇಟೆ ಪಂದ್ಯ ಬಂತೆಂದರೆ ಪಂದ್ಯ ನಡೆಸುವ ಕ್ಲಬ್ಬಿನ ಹುಡುಗರು ಅವನನ್ನು ಗೋಳುಹೊಯ್ದುಕೊಳ್ಳುತ್ತಿದ್ದರು.

"ಓವೀಡ್ ಮಾವ, ಈ ಸಲ ಯಾವ ಅಂಗಡಿ ಮೀನು ತೂಕಕ್ಕೆ ತರ್ತೀರಿ?"

"ಈಟಿ ಬದ್ಲು ಊರುಗೋಲು ತಗೊಂಡು ಇಳೀರಿ ಮಾವ, ಎರಡಕ್ಕೂ ಆಗತ್ತೆ."

ಅವನು ನಗುತ್ತಿದ್ದ. ಮನೆಗೆ ಬಂದು ಊಟ ಬಿಡುತ್ತಿದ್ದ.

ಪಂದ್ಯದ ಕೊನೆಯ ದಿನ ನಾವು ನೆಸ್ಟರನ ರಿಗ್ಗಿಗೆ ಕಟ್ಟಿದೆವು. ಓವೀಡ್ ಬೆನ್ನಿಗೆ ಗಾಳಿ ಸಿಲಿಂಡರ್ ಬಿಗಿದುಕೊಂಡು ಇಳಿದ, ಬರಿಗೈಲಿ ಬಂದ. ಮತ್ತೆ ಇಳಿದ. ನಾನು ಕಾಫಿ ಬಗ್ಗಿಸಿಕೊಳ್ಳುತ್ತಿದ್ದೆ. ಆಗ ಕೇಳಿಸಿತು. ಮೂರು ಸಲ ಬೇಗ ಬೇಗ, ತಡೆದು ಇನ್ನೊಂದು ಸಲ. ನೆಸ್ಟರ್ ಇವತ್ತು ಎರಡನೇ ಸಲ ಊಟ ಹಾಕುತ್ತಿದ್ದಾನೆ ಎಂದುಕೊಂಡು ತಲೆಯೆತ್ತಿ ನೋಡಿದೆ. ಕಟಾಂಜನದ ಬಳಿ ಸೌಟು ಹಿಡಿದವರು ಯಾರೂ ಇರಲಿಲ್ಲ. ಸದ್ದು ಬಂದದ್ದು ಮೇಲಿನಿಂದಲ್ಲ, ಕೆಳಗಿನಿಂದ, ದೋಣಿಯ ತಳದ ಮೂಲಕ ನನ್ನ ಅಂಗಾಲಿಗೆ.

ಸ್ವಲ್ಪ ಹೊತ್ತಿಗೆ ಓವೀಡ್ ಮೇಲೆ ಬಂದ. ಕೈಯಲ್ಲಿ ಚೂರಿ ಇನ್ನೂ ತಿರುಗುಮುರುಗಾಗಿ, ಕಬ್ಬಿಣಕ್ಕೆ ತಟ್ಟಲು ಹಿಡಿದ ಹಾಗೆ ಹಿಡಿ ಮುಂದಾಗಿತ್ತು. ಈಟಿಯಲ್ಲಿ ಜೋಯಿ ಅತ್ತೆ ಇದ್ದಳು.

"ಎಳ್ಕೊ ಅಕ್ಕ, ಬೇಗ. ಐಸ್ ಹಾಕು."

"ಓವೀಡ್, ಇದು..."

"ಇದು ಬೇರೇದು."

"ತಲೆ ಮೇಲೆ ಗಾಯ ಇದ್ಯಲ್ಲೋ. ತಟ್ಟಿದ್ದು ಯಾರು?"

 ಮೀನನ್ನು ತಾನೇ ಎಳೆದು ಐಸ್ ಪೆಟ್ಟಿಗೆಗೆ ನೂಕಿ, ಹಿಡಿಸದ ಬಾಲವನ್ನು ಮಡಚಿ, ಮುಚ್ಚಳದ ಮೇಲೆ ಕುಕ್ಕರಿಸಿದ. ಬೇಟೆಯೆಂದರೆ ಹುಡುಕಬೇಕು, ಅಟ್ಟಬೇಕು, ಸೋಲುವುದಕ್ಕೂ ತಯಾರಿರಬೇಕು. ಇವನು ಊಟಕ್ಕೆ ಕರೆದು ಹೊಡೆದಿದ್ದ.  ಅವನ ಮುಖ ನೋಡಲು ನನಗೇ ನಾಚಿಕೆಯಾಯಿತು.

ದೋಣಿ ಬಿಚ್ಚುವಷ್ಟರಲ್ಲಿ ರೇಡಿಯೋ ಮಾತಾಡಿತು.

"ಮಿಸ್ ಆರ್ಲೀನ್, ನೆಸ್ಟರ್. ಅತ್ತೆ ಕಾಣಿಸ್ತಿಲ್ಲ. ಓವೀಡ್ ಏನಾದ್ರೂ ಕೆಳಗೆ ನೋಡಿದ್ನಾ?"

ರೇಡಿಯೋ ನನ್ನ ಕೈಯಲ್ಲಿತ್ತು. ಗುಂಡಿ ಒತ್ತಿದೆ. ಓವೀಡ್ ನನ್ನ ಕೈಯಿಂದ ಕಿತ್ತುಕೊಂಡ.

"ಇಲ್ಲಪ್ಪ, ನೋಡ್ಲಿಲ್ಲ. ದೊಡ್ಡ ಶಾರ್ಕೊಂದು ಸುತ್ತಾಡ್ತಿತ್ತು. ಹೆದ್ರಿ ಎಲ್ಲೋ ಹೋಗಿರ್ಬೇಕು."

 ನೆಸ್ಟರ್ ಅಂದ, "ಹೌದಾ. ಸರಿ ಬಿಡು. ತಡೀರಿ, ಹೋಗ್ಬಿಡ್ಬೇಡಿ, ಬಕೆಟ್ ಇಳಿಸ್ತೀನಿ."

ಬಕೆಟ್ಟಿನಲ್ಲಿ ಸಿಹಿಗೆಣಸಿನ ಪೈ ಇತ್ತು. ಶುಭ್ರವಾದ ಬಟ್ಟೆ ಮುಚ್ಚಿತ್ತು, ತಟ್ಟೆ ಇನ್ನೂ ಬಿಸಿಯಾಗಿತ್ತು. ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನುತ್ತಾರಲ್ಲ, ಅಲ್ಲಿ ನೆಲವೂ ಇರಲಿಲ್ಲ. ನಾನು ಆ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಕತ್ತೆತ್ತದೆ, ಥ್ಯಾಂಕ್ಸ್ ಕಣಪ್ಪ ಎಂದು ಕೂಗಿದೆ.

ದಾರಿಯುದ್ದಕ್ಕೂ ನಾನು ಸುಮ್ಮನಿರಲಿಲ್ಲ. ಸುಮ್ಮನಿರುವ ಜಾಯಮಾನ ನನ್ನದಲ್ಲ.

"ಉಂಡ ಮನೆಗೆ ಎರಡು ಬಗೆದ್ಯಲ್ಲೋ. ಅವ್ರ ಕಾಫಿ ಕುಡಿಯೋಕೆ ಬಾಯಿ ಬಂತಾ ನಿನಗೆ?"

"ಮೀನು ಮೀನೇ ಅಕ್ಕ. ಅತ್ತೆ ಅಂತ ಹೆಸರಿಟ್ಟ ತಕ್ಷಣ ನೆಂಟಸ್ತನ ಹುಟ್ಟತ್ತಾ?"

"ಹೆಸರಿಟ್ಟವ್ರಿಗೆ ಹುಟ್ಟಿತ್ತು. ಮಾತು ಕೊಟ್ಟವ್ಳು ನಾನು, ನೀನಲ್ಲ ಅಂತ ತಾನೇ?"

"ನಿನ್ನ ನೋಡಿ ಯಾರೂ ನಗಲ್ಲ ಅಕ್ಕ," ಎಂದ ಅವನು. "ಅದಕ್ಕೇ ನಿನಗೆ ಗೊತ್ತಾಗಲ್ಲ."

 ದೋಣಿಯ ವೇಗ ಹೆಚ್ಚಿಸಿದೆ.

ದಕ್ಕೆಯ ಮೇಲೆ ಜನ ಕಿಕ್ಕಿರಿದಿದ್ದರು. ಬಿಯರ್, ಅಕಾರ್ಡಿಯನ್ನು, ಮಕ್ಕಳು, ಎಲ್ಲ ಇತ್ತು. ಓವೀಡ್ ಮೀನನ್ನು ತೂಕದ ಕೊಕ್ಕೆಗೆ ಸಿಕ್ಕಿಸಿದಾಗ ತಕ್ಕಡಿಯ ಮುಳ್ಳು ಎಲ್ಲರ ಮೀನನ್ನೂ ದಾಟಿ ನಿಂತಿತು. ಹುಡುಗರು ಶಿಳ್ಳೆ ಹೊಡೆದರು. ನಿನ್ನೆ ಊರುಗೋಲಿನ ಮಾತಾಡಿದವನೇ ಇವತ್ತು ಅವನ ಬೆನ್ನು ತಟ್ಟಿದ. ನನ್ನ ತಮ್ಮನ ಮುಖ ಬೆಳಗಿದ್ದನ್ನು ನೋಡಿ, ಸುಳ್ಳೇಕೆ ಹೇಳಲಿ, ನನಗೂ ಒಂದು ಕ್ಷಣ ಹಿತವೆನಿಸಿತು.

ಗೆಲ್ಲುವ ಮೀನಿನ ಹೊಟ್ಟೆಯನ್ನು ಸೀಳಿ ನೋಡುವುದು ನಮ್ಮ ಪಂದ್ಯದ ಪದ್ಧತಿ. ಯಾವ ಕಾಲದಲ್ಲೋ ಯಾರೋ ಸೀಸದ ಗುಂಡು ತುರುಕಿ ತೂಕ ಹೆಚ್ಚಿಸಿದ್ದನಂತೆ. ಪಂದ್ಯದ ತೀರ್ಪು ಹೇಳುವ ಅಲ್ಸೀಡ್ ಮುದುಕ ಎಲ್ಲರೆದುರು ಚೂರಿ ಹಾಕುತ್ತಾನೆ. ಯಾರೂ ಅದನ್ನು ಅವಮಾನವೆಂದುಕೊಳ್ಳುವುದಿಲ್ಲ. ಓವೀಡನಿಗೂ ಅದು ಗೊತ್ತಿತ್ತು. ಸೀಸ ಇರಲಿಲ್ಲವಲ್ಲ, ಹಾಗಾಗಿ ಅವನು ಎದೆಯುಬ್ಬಿಸಿಕೊಂಡು ನಿಂತಿದ್ದ. ಹೆಡ್ಡ.

ಹೊಟ್ಟೆಯಿಂದ ಹಲಗೆಯ ಮೇಲೆ ಬಿದ್ದದ್ದು ಕೆಂಪು ಬೀನ್ಸು, ಅನ್ನ, ಸಾಸೇಜಿನ ತುಂಡು, ಮುಸುಕಿನ ಜೋಳದ ಬ್ರೆಡ್ಡಿನ ಚೂರು.

"ಊಟ ಮುಗಿಸ್ಕೊಂಡೇ ಬಂದಿದೆ!" ಎಂದು ಒಬ್ಬ ಹುಡುಗ ಕೂಗಿದ. ನಾಲ್ಕು ಜನ ನಕ್ಕರು. ನಗು ಹಿಂದಿನ ಸಾಲಿಗೆ ಹೋಗುವ ಮೊದಲೇ ನಿಂತಿತು. ಆ ದಕ್ಕೆಯ ಮೇಲೆ ರಿಗ್ಗಿನ ಅನ್ನ ಉಣ್ಣದವರು ಯಾರಿದ್ದಾರೆ? ಅಡುಗೆಮನೆ ಕೆಳಗೆ ಸಾಕಿದ ಮೀನನ್ನು ಕಂಡಿರದವರು ಯಾರಿದ್ದಾರೆ? ಅಕಾರ್ಡಿಯನ್ ನುಡಿಸುತ್ತಿದ್ದವನೂ ಬೆರಳು ತೆಗೆದ.

ಅಲ್ಸೀಡ್ ಚೂರಿಯನ್ನು ಬಟ್ಟೆಗೆ ಒರೆಸಿಕೊಂಡ. "ಸೀಸ ಇಲ್ಲ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಆಮೇಲೆ ತಗ್ಗಿದ ದನಿಯಲ್ಲಿ, "ಯಾರ ಕೈ ಅಡುಗೆ ಇದು, ಓವೀಡ್?"

ಓವೀಡ್ ಬೀನ್ಸನ್ನೇ ನೋಡುತ್ತಿದ್ದ. ಕಿವಿಯವರೆಗೂ ಕೆಂಪಾಗಿದ್ದ. ನಿಯಮದ ಪ್ರಕಾರ ಗೆದ್ದದ್ದು ಅವನೇ. ಹೆಸರನ್ನೂ ಕೂಗಿದರು, ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವನು ಬಹುಮಾನಕ್ಕೆ ಹೋಗದೆ ಗಾಡಿಯ ಕಡೆ ನಡೆದ. ಗೆದ್ದ ಮೀನನ್ನು ಕೊಯ್ದು ಹಂಚಿ ಬೇಯಿಸುವುದು ರೂಢಿ. ಅದನ್ನು ಕೊಯ್ಯಲು ಯಾರೂ ಮುಂದೆ ಬರಲಿಲ್ಲ. ಜನ ಅವನನ್ನು ಬೈದಿದ್ದರೆ ನಾನು ಜಗಳಕ್ಕಾದರೂ ನಿಲ್ಲಬಹುದಿತ್ತು. ಅವರು ನನಗೆ ದಾರಿ ಬಿಟ್ಟರು, ಸಾವಿನ ಮನೆಯವರಿಗೆ ಬಿಡುವ ಹಾಗೆ.

ಮಾರನೆಯ ಬೆಳಿಗ್ಗೆ ನಾನು ಅವನನ್ನು ಹಾಸಿಗೆಯಿಂದ ಎಬ್ಬಿಸಿದೆ.

"ದೋಣಿ ಹತ್ತು."

"ಎಲ್ಲಿಗೆ ಅಕ್ಕ?"

"ಎಲ್ಲಿಗೆ ಅಂತ ನಿನಗೆ ಗೊತ್ತು. ನಾನು ಬಾಯಿ ಬಿಡಲ್ಲ. ನೀನೇ ಹೇಳ್ಬೇಕು."

ಅವನು ಎದ್ದು ಬಂದು ದೋಣಿ ಹತ್ತಿದ. ದಾರಿಯಲ್ಲಿ ತನ್ನಷ್ಟಕ್ಕೆ ತುಟಿ ಅಲ್ಲಾಡಿಸುತ್ತಿದ್ದ, ಶಾಲೆಯಲ್ಲಿ ಪದ್ಯ ಒಪ್ಪಿಸುವ ಮೊದಲು ಮಾಡುತ್ತಿದ್ದ ಹಾಗೆ. ರಿಗ್ಗಿನ ಹತ್ತಿರ ಬಂದು ಎಂಜಿನ್ ತಗ್ಗಿಸಿದೆ. ಕಟಾಂಜನದ ಬಳಿ ಬಿಳಿ ಏಪ್ರನ್ ಕಂಡಿತು. ರೇಡಿಯೋ ಓವೀಡನ ಕೈಗಿಟ್ಟೆ. ಸುತ್ತಲಿನ ದೋಣಿಗಳೆಲ್ಲ ಅದೇ ಚಾನೆಲ್ಲಿನಲ್ಲಿ ಕೇಳುತ್ತಿರುತ್ತವೆ, ಅದು ಅವನಿಗೂ ಗೊತ್ತು.

"ನೆಸ್ಟರ್, ಓವೀಡ್ ಮಾತಾಡ್ತಿರೋದು." ಗಂಟಲು ಸರಿಮಾಡಿಕೊಂಡ. "ಶಾರ್ಕ್ ಇರ್ಲಿಲ್ಲ. ನಾನೇ ಹೊಡ್ದಿದ್ದು. ನಿನ್ನ ಥರಾನೇ ತಟ್ಟಿದೆ... ಬಂದ್ಲು."

"ಗೊತ್ತು," ಎಂದ ನೆಸ್ಟರ್.

ಓವೀಡ್ ನನ್ನ ಕಡೆ ನೋಡಿದ.

"ನೀನು ತಟ್ಟಿದ್ದು ಇಲ್ಲಿ ಪೈಪಲ್ಲೂ ಕೇಳಿಸ್ತು. ಯಾರಪ್ಪ ತಟ್ಟಿದ್ದು ಅಂತ ಎಲ್ರೂ ಬಂದು ಬಗ್ಗಿ ನೋಡಿದ್ವಿ. ನೀರು ತಿಳಿಯಾಗಿತ್ತು. ಅವಳು ಬಂದಿದ್ದೂ, ನೀನು ಹೊಡ್ದಿದ್ದೂ ಕಾಣಿಸ್ತು."

ನನಗೆ ತಡೆಯಲಾಗಲಿಲ್ಲ. ರೇಡಿಯೋ ಕಸಿದುಕೊಂಡೆ. "ಮತ್ತೆ ಯಾಕಪ್ಪ ಕೇಳ್ದೆ, ನೋಡಿದ್ನಾ ಅಂತ?"

"ಅವನೇ ಹೇಳ್ಲಿ ಅಂತ, ಮಿಸ್ ಆರ್ಲೀನ್. ಹೇಳ್ಬಿಟ್ಟಿದ್ರೆ ಅಲ್ಲಿಗೆ ಮುಗೀತಿತ್ತು."

"ಪೈ ಬೇರೆ ಕಳಿಸ್ದೆ."

"ಪೈ ನಿಮಗೆ ಅಂತ ಅದಕ್ಕೂ ಮೊದ್ಲೇ ಮಾಡಿದ್ದು. ಮಾಡಿದ್ದನ್ನ ಕೊಡದೆ ಇರೋಕಾಗತ್ತಾ?"

ಓವೀಡ್ ದೋಣಿ ಕಟ್ಟುವ ಕೊಕ್ಕೆ ಹಿಡಿದುಕೊಂಡು ನಿಂತಿದ್ದ. ರಿಗ್ಗಿನ ಕಾಲಿನ ಕಡೆ ಚಾಚಲೂ ಆಗದೆ, ಕೆಳಗಿಡಲೂ ಆಗದೆ.

"ಕಟ್ಕೊಳ್ಳಿ ಬೇಕಾದ್ರೆ," ಎಂದಿತು ರೇಡಿಯೋ. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. "ಓವೀಡ್ ಎಲ್ಲಿ ಬೇಕಾದ್ರೂ ಇಳೀಲಿ, ಏನು ಬೇಕಾದ್ರೂ ಹೊಡೀಲಿ. ಕೆಳಗೆ ನಮ್ದು ಅಂತ ಈಗ ಏನೂ ಇಲ್ಲ."

ನನ್ನ ತಮ್ಮ ಮುಖ ಮುಚ್ಚಿಕೊಂಡು ಕೂತ. ಮೇಲೆ ನೋಡುವ ಧೈರ್ಯ ನನಗೂ ಬರಲಿಲ್ಲ. ದೋಣಿ ತಿರುಗಿಸಿದೆ.