ಒಂಟಿ ಸವಾರರ ಸಾಲು

"ನೋಡಿ, ನಾಲ್ಕು ಜನ ಒಟ್ಟಿಗೆ ಹೋಗ್ತೀವಿ ಅಂತ ಹಟ ಹಿಡಿದ್ರೆ ಮಧ್ಯಾಹ್ನದವರೆಗೂ ಇಲ್ಲೇ ಒಣಗ್ತಾ ನಿಂತಿರಬೇಕು. ಒಬ್ಬೊಬ್ಬರೇ ಹೋದ್ರೆ ಈಗಲೇ ಒಳಗೆ. ಇಷ್ಟು ಸುಲಭದ ವಿಷಯ ಈ ಜನಕ್ಕೆ ಯಾಕೆ ಹೊಳೆಯಲ್ಲ ಅಂತೀನಿ!"

ಕಂಟ್ರೋಲರು ಈ ಮಾತನ್ನು ಸಾಕಷ್ಟು ಗಟ್ಟಿಯಾಗಿಯೇ ಹೇಳಿದರು. ಪಕ್ಕದ ಉದ್ದನೆಯ ಸಾಲಿನಲ್ಲಿ ಬಿಸಿಲಿಗೆ ಬಾಡಿ ನಿಂತಿದ್ದ ನಾಲ್ಕಾರು ಮಂದಿ ತಿರುಗಿ ಕೆಕ್ಕರಿಸಿ ನೋಡಿದರು. ಅವರ ಹೆಂಡತಿ ಇವರು ಯಾರೋ ತನಗೆ ಗೊತ್ತೇ ಇಲ್ಲ ಎಂಬಂತೆ ಆಕಾಶ ನೋಡಿದಳು.

ಕಂಟ್ರೋಲರು ಬೆರಳು ಮಾಡಿ ತೋರಿಸುತ್ತಿದ್ದ ಫಲಕದ ಮೇಲೆ 'ಒಂಟಿ ಸವಾರರು' ಎಂದು ಬರೆದಿತ್ತು. ವಿಷಯ ಇಷ್ಟೇ. ಆಟದ ಬಂಡಿಯಲ್ಲಿ ಸಾಲಿಗೆ ಎರಡೆರಡು ಸೀಟು. ಮೂವರು ಒಟ್ಟಿಗೆ ಬಂದರೆ ಒಂದು ಸೀಟು ಖಾಲಿ ಉಳಿಯುತ್ತದೆ. ಅದನ್ನು ತುಂಬಲೆಂದು ಇನ್ನೊಂದು ಬಾಗಿಲಿನಲ್ಲಿ ಒಂಟಿಯಾಗಿ ಬಂದವರನ್ನು ನಿಲ್ಲಿಸಿಕೊಂಡಿರುತ್ತಾರೆ. ಯಾರ ಪಕ್ಕ ಕೂರಿಸಿದರೂ ಸರಿ ಎನ್ನುವವರಿಗೆ ಕಾಯುವ ಗೋಳಿಲ್ಲ. ಜನ್ಮವೆಲ್ಲ ಬಸ್ ನಿಲ್ದಾಣದಲ್ಲಿ ನಿಂತು ಬಸ್ಸು ಹೊರಡಿಸುವ ಕೆಲಸ ಮಾಡಿ, ಖಾಲಿ ಸೀಟು ಹೊತ್ತು ಹೊರಡುವ ಬಸ್ಸುಗಳನ್ನು ಕಂಡು ಹೊಟ್ಟೆ ಉರಿಸಿಕೊಂಡಿದ್ದ ಕಂಟ್ರೋಲರಿಗೆ ಈ ಏರ್ಪಾಡನ್ನು ಕಂಡುಹಿಡಿದವನಿಗೆ ಕೈಮುಗಿಯಬೇಕು ಅನ್ನಿಸಿತ್ತು. ಒಂದು ಸೀಟೂ ಹಾಳಾಗುವುದಿಲ್ಲ, ಒಂದು ನಿಮಿಷವೂ ಹಾಳಾಗುವುದಿಲ್ಲ.

ಹೀಗೆ ಬೆಳಗ್ಗೆ ಪಾರ್ಕಿನ ಗೇಟು ತೆಗೆದಾಗಿನಿಂದ ಅವರ ಸಂಸಾರ ಚೆಲ್ಲಾಪಿಲ್ಲಿಯಾಗಿತ್ತು. ನೀರಿನ ದೋಣಿಯಲ್ಲಿ ಮಗನ ಪಕ್ಕಕ್ಕೆ ಬಂದದ್ದು ಒಬ್ಬ ಧಡೂತಿ ಆಸಾಮಿ. ದೋಣಿ ಆ ಕಡೆಗೇ ವಾಲಿ, ಮಗ ದಾರಿಯುದ್ದಕ್ಕೂ ಅವನ ಹೆಗಲಿಗೆ ಒರಗಿಕೊಂಡೇ ಬಂದ. ಕತ್ತಲ ಗುಹೆಯ ಬಂಡಿಯಲ್ಲಿ ಹೆಂಡತಿಗೆ ಒಬ್ಬ ನರ್ಸಮ್ಮ ಗಂಟುಬಿದ್ದು, ಭೂತಗಳು ಎರಡೂ ಕಡೆಯಿಂದ ಕೈಚಾಚುತ್ತಿದ್ದರೂ ಕಣ್ಣೆತ್ತಿ ನೋಡದೆ ಇಬ್ಬರೂ ಮಂಡಿನೋವಿನ ಕಷ್ಟಸುಖ ಹಂಚಿಕೊಂಡರು. ಸೊಸೆಯನ್ನು ಎಲ್ಲಿ, ಯಾರ ಪಕ್ಕ ಕೂರಿಸಿದರೋ ಕಂಟ್ರೋಲರಿಗೆ ಗೊತ್ತಾಗಲಿಲ್ಲ. ಅವಳು ಅವರಿಗೆ ಹೇಳುವವಳೂ ಅಲ್ಲ.

ಅವರ ಮನಸ್ಸಿನಲ್ಲಿ ಮುಳ್ಳಿನಂತೆ ಆಡುತ್ತಿದ್ದದ್ದು ಅದೇ. ಸೊಸೆ ಮನೆಗೆ ಬಂದು ಮೂರು ತಿಂಗಳಾಗುತ್ತ ಬಂದಿತ್ತು. ಅಡುಗೆಮನೆಯಲ್ಲಿ ಅವಳೂ ಅತ್ತೆಯೂ ಸೇರಿ ನಗುವುದು ಬೀದಿಯ ತಿರುವಿನವರೆಗೂ ಕೇಳಿಸುತ್ತಿತ್ತು. ಹೊಟ್ಟೆ ಹಿಡಿದುಕೊಂಡು, ಪಾತ್ರೆ ಬೀಳಿಸಿಕೊಂಡು ನಗುವ ನಗು. ಕಂಟ್ರೋಲರು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರೆ ಸಾಕು, ನಲ್ಲಿ ತಿರುಗಿಸಿದ ಹಾಗೆ ಅದು ನಿಂತುಬಿಡುತ್ತಿತ್ತು. "ಅತ್ತೆ, ಮಾವನಿಗೆ ಕಾಫಿ ಬೇಕಾ ಕೇಳಿ" ಎನ್ನುವಳು ಸೊಸೆ, ಮಾವ ಎರಡು ಮಾರು ದೂರದಲ್ಲೇ ನಿಂತಿರುವಾಗ. "ಬೇಕು ಅಂತ ಹೇಳು" ಎನ್ನುವರು ಮಾವ, ಹೆಂಡತಿಯ ಕಡೆ ನೋಡುತ್ತ. ನಡುವೆ ಹೆಂಡತಿ ದುಭಾಷಿಯಂತೆ ಅತ್ತಿಂದಿತ್ತ ಕತ್ತು ತಿರುಗಿಸುವಳು.

ತಪ್ಪು ತನ್ನದೇ ಎಂದು ಕಂಟ್ರೋಲರಿಗೆ ಗೊತ್ತಿತ್ತು. ಚಾಲಕರನ್ನೂ ನಿರ್ವಾಹಕರನ್ನೂ ಗದರಿಸಿ ಗದರಿಸಿ ಗಂಟಲೇ ಹಾಗೆ ತಯಾರಾಗಿತ್ತು. 'ಊಟ ಆಯ್ತಾ?' ಎಂದು ಅಕ್ಕರೆಯಿಂದ ಕೇಳಿದರೂ 'ಬಸ್ ಯಾಕೆ ತಡ?' ಎಂದು ಜಬರಿಸಿದಂತೆ ಕೇಳಿಸುತ್ತಿತ್ತು. ನಿಲ್ದಾಣದವರು ಅವರಿಗೆ 'ಸೀಟಿ' ಎಂದು ಅಡ್ಡಹೆಸರಿಟ್ಟಿದ್ದು ಸುಮ್ಮನೆ ಅಲ್ಲ. ಆದರೆ ಈ ಸೀಟಿಗೂ ಒಂದು ಆಸೆಯಿತ್ತು. ಒಂದೇ ಒಂದು ಸಲ, ತಾನು ಒಳಗೆ ಬಂದ ಮೇಲೂ ಆ ನಗು ನಿಲ್ಲದೆ ಇರಬೇಕು. ಈ ಪಾರ್ಕಿನ ಪ್ರವಾಸ ಅವರಾಗಿಯೇ ಹೂಡಿದ್ದು ಅದಕ್ಕೇ. ಹೂಡುವಾಗ ಮಾತ್ರ, "ಭಾನುವಾರ, ಬೆಳಗ್ಗೆ ಏಳಕ್ಕೆ ಎಲ್ಲರೂ ಬಾಗಿಲಲ್ಲಿರಬೇಕು" ಎಂದು ಅಪ್ಪಣೆ ಮಾಡಿದಂತೆ ಹೇಳಿ ಕೆಡಿಸಿದ್ದರು.

ಮಧ್ಯಾಹ್ನ ಮರದ ನೆರಳಿನ ಬೆಂಚಿನಲ್ಲಿ ಬುತ್ತಿ ಬಿಚ್ಚಿದರು. ಕಂಟ್ರೋಲರು ನೀರು ಹಿಡಿದುಕೊಂಡು ಬರಲು ಹೋಗಿದ್ದರು. ಬಾಟಲಿ ತುಂಬಿಸಿಕೊಂಡು ಬರುವಾಗ ದೂರದಿಂದಲೇ ನಗು ಕೇಳಿಸಿತು. ಸೊಸೆ ಕೈ ಆಡಿಸಿ ಏನೋ ಹೇಳುತ್ತಿದ್ದಳು, ಮಗ ತಿನ್ನುತ್ತಿದ್ದದ್ದು ನೆತ್ತಿಗೇರಿ ಕೆಮ್ಮುತ್ತಿದ್ದ. ಅವರು ಹೆಜ್ಜೆ ಬೇಗ ಬೇಗ ಹಾಕಿದರು, ಈ ಸಲವಾದರೂ ಸಿಗಲಿ ಎಂದು. ಬೆಂಚಿನ ಹತ್ತಿರ ಬಂದದ್ದೇ ಸೊಸೆ ಸೆರಗಿನ ತುದಿಯಿಂದ ಬಾಯಿ ಒರೆಸಿಕೊಂಡು ನೆಟ್ಟಗೆ ಕುಳಿತಳು. "ಅತ್ತೆ, ಮಾವನಿಗೆ ಹಣ್ಣು ಕೊಡಿ" ಎಂದಳು.

ಮಗ ಸೊಸೆ ಕೈ ತೊಳೆಯಲು ಹೋದಾಗ ಹೆಂಡತಿ ತಿರುಗಿ ಕುಳಿತಳು.

"ಒಂದು ಮಾತು ಹೇಳ್ಲಾ? ಕೋಪ ಮಾಡ್ಕೋಬಾರದು."

"ನಾನ್ಯಾವಾಗ ಕೋಪ ಮಾಡ್ಕೊಂಡೆ?" ಎಂದು ಕಂಟ್ರೋಲರು ಕೋಪದಿಂದ ಕೇಳಿದರು.

"ಮದುವೆಯಾಗಿ ಇನ್ನೂ ಮೂರು ತಿಂಗಳು ತುಂಬಿಲ್ಲ. ಬೆಳಗ್ಗೆಯಿಂದ ಆ ಎರಡು ಜೀವಗಳನ್ನ ಒಂದು ಸಲಾನೂ ಒಟ್ಟಿಗೆ ಕೂರೋಕೆ ಬಿಟ್ಟಿಲ್ಲ ನೀವು. ಅವನು ಯಾರದೋ ಹೆಗಲಿಗೆ ಒರಗ್ತಾನೆ, ಅವಳು ಯಾರದೋ ಕೈ ಹಿಡ್ಕೊಂಡು ಕಿರುಚ್ತಾಳೆ. ಟೈಮ್ ಉಳಿಸಿ ಏನು ಮಾಡ್ತೀರಿ, ಉಪ್ಪಿನಕಾಯಿ ಹಾಕ್ತೀರಾ?"

ಇದು ಕಂಟ್ರೋಲರ ತಲೆಗೆ ಹೊಳೆದೇ ಇರಲಿಲ್ಲ. ಸೀಟು ಲೆಕ್ಕ ಹಾಕಿದ್ದರು, ಸಮಯ ಲೆಕ್ಕ ಹಾಕಿದ್ದರು, ಗಂಡಹೆಂಡಿರನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ನಗಿಸಬೇಕು ಎಂದು ಕರೆತಂದವಳನ್ನೇ ಹಿಡಿದು ಒಂಟಿ ಮಾಡಿ ನಿಲ್ಲಿಸಿದ್ದೆನಲ್ಲ ಎಂದು ನಾಚಿಕೆಯಾಯಿತು. ಆದರೆ ಕೊಟ್ಟ ಅಪ್ಪಣೆಯನ್ನು ಹಿಂದಕ್ಕೆ ತೆಗೆದುಕೊಂಡು ಅಭ್ಯಾಸವಿಲ್ಲದ ಮನುಷ್ಯ. "ದೊಡ್ಡ ರೋಲರ್ ಕೋಸ್ಟರ್ ಒಂದು ಬಾಕಿ ಇದೆ" ಎಂದಷ್ಟೇ ಹೇಳಿ ಎದ್ದರು.

"ನನ್ನನ್ನ ಬಿಟ್ಟುಬಿಡಿ ಮಹರಾಯರೇ" ಎಂದಳು ಹೆಂಡತಿ. ಐಸ್‌ಕ್ರೀಂ ಹಿಡಿದು ಬೆಂಚಿನಲ್ಲೇ ಉಳಿದಳು.

ಒಂಟಿ ಸವಾರರ ಬಾಗಿಲಲ್ಲಿ ಕಂಟ್ರೋಲರು ತಮ್ಮ ಮಟ್ಟಿಗೆ ಒಂದು ಉಪಾಯ ಮಾಡಿದರು. ಮಗನನ್ನು ಮುಂದೆ ತಳ್ಳಿದರು, ಅವನ ಹಿಂದೆಯೇ ಸೊಸೆ, ತಾವು ಕೊನೆ. ದೇವರು ದೊಡ್ಡವನು, ಎರಡು ಸೀಟು ಒಟ್ಟಿಗೆ ಖಾಲಿ ಬಿದ್ದರೆ ಇಬ್ಬರೂ ಜೊತೆಗೆ ಹೋಗುತ್ತಾರೆ. ಬಾಯಿಬಿಟ್ಟು ಕ್ಷಮೆ ಕೇಳುವುದಕ್ಕಿಂತ ಇದು ಅವರಿಗೆ ಸುಲಭವಾಗಿತ್ತು. ಒಳಗೆ ಬಂಡಿ ಬಂದು ನಿಂತಿತು. ನೀಲಿ ಟೋಪಿ ಹಾಕಿದ ಕೆಲಸದ ಹುಡುಗಿ ಸೀಟುಗಳ ಮೇಲೆ ಕಣ್ಣಾಡಿಸಿದಳು. 'ಇಬ್ಬರು' ಅನ್ನು ತಾಯಿ, 'ಇಬ್ಬರು' ಅನ್ನು ಎಂದು ಕಂಟ್ರೋಲರು ಮನಸ್ಸಿನಲ್ಲೇ ಜಪಿಸಿದರು.

"ಒಂಟಿ, ಒಬ್ಬರು ಬನ್ನಿ!"

ಮಗ ಹಿಂದೆ ತಿರುಗಿ ಹೆಂಡತಿಯನ್ನು ನೋಡುತ್ತಲೇ ಹೋಗಿ ಯಾವನೋ ಮೀಸೆಯವನ ಪಕ್ಕದಲ್ಲಿ ಕುಳಿತ. ಬಂಡಿ ಹೊರಟುಹೋಯಿತು. ಕಂಟ್ರೋಲರು ಹಣೆ ಒರೆಸಿಕೊಂಡರು. ಈಗ ಮಾವ ಸೊಸೆ ಇಬ್ಬರೇ ಉಳಿದರು, ನಡುವೆ ದುಭಾಷಿಯೂ ಇಲ್ಲ. ಸೊಸೆ ಕಂಬಿಯ ಮೇಲೆ ಸುಮ್ಮನೆ ಬೆರಳಾಡಿಸಿದಳು. ಮಾವ ಕೆಮ್ಮಿದರು.

ಮುಂದಿನ ಬಂಡಿ ಬಂತು. ಉದ್ದ ಸಾಲಿನಲ್ಲಿ ಮೊದಲು ನಿಂತಿದ್ದ ಗಂಡಹೆಂಡಿರ ಪೈಕಿ ಗಂಡ ಹಳಿಯ ಏರನ್ನು ಕತ್ತೆತ್ತಿ ನೋಡಿದವನೇ ಬೆವತುಬಿಟ್ಟ. "ನನ್ನ ಕೈಲಾಗಲ್ಲ ಕಣೇ." "ಇಷ್ಟೊತ್ತು ಕಾದು ಈಗ ಹೇಳ್ತೀರಾ?" ಹೆಂಡತಿ ಅವನನ್ನು ಬೈಯುತ್ತ ಹೊರಗೆ ಎಳೆದುಕೊಂಡು ಹೋದಳು. ಎಲ್ಲಕ್ಕಿಂತ ಮುಂದಿನ ಎರಡು ಸೀಟು ಖಾಲಿ.

"ಒಂಟಿ, ಇಬ್ಬರು ಬನ್ನಿ! ಬೇಗ!"

ಕಂಟ್ರೋಲರು ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿದರು. ಯಾರೂ ಇರಲಿಲ್ಲ. ಹೋಗಿ ಕುಳಿತರು, ಸೊಸೆ ಪಕ್ಕದಲ್ಲಿ ಕುಳಿತಳು. ಕಬ್ಬಿಣದ ಪಟ್ಟಿ ಹೆಗಲ ಮೇಲಿಂದ ಇಳಿದು ಕಟಕ್ಕೆಂದು ಬಿಗಿದುಕೊಂಡಿತು. ಸಾವಿರಾರು ಬಸ್ಸುಗಳಿಗೆ ಹೊರಡು ಎಂದವರು, ತಾವು ಇಂಥದ್ದರಲ್ಲಿ ಹೊರಟದ್ದು ಇದೇ ಮೊದಲು.

"ಮಾವ."

ಯಾರು ಕರೆದರು ಎಂದು ತಿಳಿಯಲು ಅವರಿಗೆ ಅರೆಗಳಿಗೆ ಬೇಕಾಯಿತು.

"ಮಾವ, ಕನ್ನಡಕ ತೆಗೀರಿ. ಹಾರಿಹೋಗತ್ತೆ. ಇಲ್ಲಿ ಕೊಡಿ, ನಾನು ಇಟ್ಕೊಂಡಿರ್ತೀನಿ."

ಅವರು ತೆಗೆದುಕೊಟ್ಟರು. ಅವಳು ಅದನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿ ಭದ್ರ ಮಾಡಿದಳು. ಲೋಕವೆಲ್ಲ ಮಂಜು ಮಂಜಾಯಿತು. ಬಂಡಿ ಕಟಕಟ ಎನ್ನುತ್ತ ಮೇಲಕ್ಕೇರತೊಡಗಿತು. ಕಂಟ್ರೋಲರು ಸೊಸೆಯ ಎದುರು ಮರ್ಯಾದೆ ಕಳೆದುಕೊಳ್ಳಬಾರದು ಎಂದು ಹಲ್ಲು ಕಚ್ಚಿ ಕುಳಿತರು. ತುದಿ ಬಂತು. ಬಂಡಿ ಒಂದು ಕ್ಷಣ ನಿಂತ ಹಾಗಾಯಿತು, ಆಮೇಲೆ ಕೆಳಗೆ ನೆಲವೇ ಇರಲಿಲ್ಲ.

"ಬ್ರೇಕ್! ಬ್ರೇಕ್ ಹಾಕೋ! ಏಯ್, ಯಾವನೋ ಡ್ರೈವರು? ಬ್ರೇಕ್ ಹಾಕೋ ಅಯೋಗ್ಯ!"

ಇಡೀ ನಿಲ್ದಾಣವನ್ನು ನಡುಗಿಸುವ ಆ ಗಂಟಲು ಪಾರ್ಕಿನ ಮೂಲೆಮೂಲೆಗೂ ಕೇಳಿಸಿತು. ಬೆಂಚಿನಲ್ಲಿದ್ದ ಹೆಂಡತಿ ಐಸ್‌ಕ್ರೀಂ ನೆಕ್ಕುವುದನ್ನು ನಿಲ್ಲಿಸಿ ತಲೆಯೆತ್ತಿದಳಂತೆ.

ಬಂಡಿ ತಳ ಮುಟ್ಟಿ ತಿರುಗುವಾಗ ಕಂಟ್ರೋಲರಿಗೆ ಪಕ್ಕದಿಂದ ಒಂದು ಸದ್ದು ಕೇಳಿಸಿತು. ಹೆದರಿ ಅಳುತ್ತಿದ್ದಾಳೋ ಎಂದುಕೊಂಡರು. ಅಳುವಲ್ಲ. ಅಡುಗೆಮನೆಯ ನಗು, ಪಾತ್ರೆ ಬೀಳಿಸುವ ನಗು, ಅವರ ಕಿವಿಯ ಪಕ್ಕದಲ್ಲೇ. ಅವರು ಅಲ್ಲೇ ಇದ್ದರು, ನಗು ನಿಲ್ಲಲಿಲ್ಲ. ನಿಲ್ಲಿಸಲು ಅವಳಿಂದ ಆಗುತ್ತಲೂ ಇರಲಿಲ್ಲ.

"ಡ್ರೈವರ್ ಇಲ್ಲ ಮಾವ! ಇದಕ್ಕೆ ಡ್ರೈವರೇ ಇಲ್ಲ!"

"ಡ್ರೈವರ್ ಇಲ್ಲದೆ ಹೆಂಗಮ್ಮ ಬಿಟ್ರು ಗಾಡೀನ?"

ಅವಳು ಇನ್ನಷ್ಟು ನಕ್ಕಳು. ಎರಡನೆಯ ಇಳಿಜಾರು ಬಂತು. ಈ ಸಲ ಅಷ್ಟೇನೂ ಹೆದರಿಕೆಯಾಗಲಿಲ್ಲ, ಆದರೂ ಕಂಟ್ರೋಲರು ಉಸಿರು ತುಂಬಿಕೊಂಡು ಬೇಕೆಂದೇ ಅರಚಿದರು: "ಓವರ್‌ಸ್ಪೀಡು! ಇವನ ಮೇಲೆ ರಿಪೋರ್ಟ್ ಬರೀತೀನಿ! ಸಸ್ಪೆಂಡ್ ಮಾಡಿಸ್ತೀನಿ!" ಸೊಸೆ ಅವರ ತೋಳು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಹಿಂದಿನ ಸೀಟಿನವರೂ ನಕ್ಕರು. ಅಷ್ಟು ಸಂತೋಷ ಕಂಟ್ರೋಲರಿಗೆ ಆಗಿ ಎಷ್ಟೋ ಕಾಲವಾಗಿತ್ತು.

ಕೆಳಗಿಳಿದಾಗ ಮಗ ಓಡಿಬಂದ. ಅವನ ಹಿಂದೆ ಕಂಟ್ರೋಲರ ಹೆಂಡತಿಯೂ ಏದುಸಿರು ಬಿಡುತ್ತ ಬಂದಳು. "ಅದು ನೀವೇ ತಾನೇ ಅರಚಿದ್ದು? ಏನಾಯ್ತು?" ಸೊಸೆ ಹೇಳಲು ಬಾಯಿ ತೆರೆದಳು, ನಗು ಬಂದು ಹೇಳಲಾಗದೆ ಅತ್ತೆಯ ಹೆಗಲ ಮೇಲೆ ಮುಖ ಇಟ್ಟಳು. ಆಮೇಲೆ ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ತಾನೇ ಮಾವನ ಕೈಗಿಟ್ಟಳು.

"ಮಾವ, ಇನ್ನೊಂದ್ಸಲ ಹೋಗೋಣ್ವಾ?"

ಮಗ ಅಪ್ಪನ ತಾಲೀಮಿನಲ್ಲಿ ಪಳಗಿದವನು, ಆಗಲೇ ಒಂಟಿ ಸವಾರರ ಬಾಗಿಲಿನ ಕಡೆ ಹೊರಟಿದ್ದ. ಅಲ್ಲಿ ಈಗಲೂ ಜನವಿರಲಿಲ್ಲ. ಕಂಟ್ರೋಲರು ಆ ಬಾಗಿಲನ್ನು ನೋಡಿದರು. ಮಡಿಕೆ ಮಡಿಕೆಯಾಗಿ ಸುತ್ತಿಕೊಂಡಿದ್ದ ಉದ್ದನೆಯ ಸಾಲನ್ನೂ ನೋಡಿದರು. ಆಮೇಲೆ ಉದ್ದ ಸಾಲಿನ ಬಾಲಕ್ಕೆ ಹೋಗಿ ನಿಂತರು.

"ಅಪ್ಪ, ಅದು ದೊಡ್ಡ ಸಾಲು! ಸಾಯಂಕಾಲ ಆಗತ್ತೆ!"

"ಗೊತ್ತು ಕಣೋ. ಬಾ ಈ ಕಡೆ. ಒಟ್ಟಿಗೆ ಹೋಗೋಣ."

ಹೆಂಡತಿ ಅವರ ಹಣೆ ಮುಟ್ಟಿ ನೋಡಿ, "ಬಿಸಿಯೇನಿಲ್ಲ" ಎಂದು ಮಗನಿಗೆ ವರದಿ ಮಾಡಿದಳು. ಈ ಸಲ ತಾನೂ ಬರುತ್ತೇನೆ ಎಂದಳು. ಯಾರ ಪಕ್ಕ ಯಾರು ಎಂಬ ಪ್ರಶ್ನೆ ಬಂತು. "ಮಾವನ ಪಕ್ಕ ನಾನೇ" ಎಂದಳು ಸೊಸೆ. "ಮತ್ತೆ ನಾನು?" ಎಂದ ಮಗ. "ನೀವು ನಿಮ್ಮಮ್ಮನ ಜೊತೆ ಕೂತ್ಕೊಳ್ಳಿ. ಇಲ್ಲಾಂದ್ರೆ ಆ ಮೀಸೆಯವರನ್ನ ಹುಡುಕ್ಕೊಳ್ಳಿ." ಕಂಟ್ರೋಲರು ಮಧ್ಯೆ ಬಂದು, ಒಂದು ಸಲ ಹಾಗೆ, ಇನ್ನೊಂದು ಸಲ ಗಂಡಹೆಂಡತಿ ಒಟ್ಟಿಗೆ ಎಂದು ತೀರ್ಪು ಕೊಟ್ಟರು. ಇನ್ನೊಂದು ಸಲವೂ ಉಂಟೇ ಎಂದು ಮಗ ಕಣ್ಣರಳಿಸಿದ.

ಸಾಲು ಆಮೆಯಂತೆ ಹೊರಟಿತು. ಕಂಬಿಗೆ ಒರಗಿ ನಿಂತ ಕಂಟ್ರೋಲರು, ಬೆಳಗ್ಗೆಯಿಂದ ಅಲ್ಲ, ಮೂರು ತಿಂಗಳಿಂದ ಕೇಳಬೇಕು ಎಂದಿದ್ದನ್ನು ಕೇಳಿಬಿಟ್ಟರು.

"ಅಡುಗೆಮನೇಲಿ ದಿನಾ ಅಷ್ಟು ನಗ್ತೀರಲ್ಲ, ಅದೇನಮ್ಮ?"

ಸೊಸೆ ನಾಲಗೆ ಕಚ್ಚಿಕೊಂಡಳು. ಅತ್ತೆ ಕಣ್ಣು ಹೊಡೆದಳು. "ಹೇಳು, ಹೇಳು. ಇವತ್ತು ಅವರಿಗೆ ತಡ್ಕೊಳ್ಳೋ ಶಕ್ತಿ ಇದೆ."

"ಬೇಜಾರು ಮಾಡ್ಕೋಬಾರದು ಮಾವ. ನೀವು ಭಾನುವಾರ ಮಧ್ಯಾಹ್ನ ಮಲಗ್ತೀರಲ್ಲ? ಕುಕ್ಕರ್ ಕೂಗಿದ ಕೂಡಲೇ ನಿದ್ದೇಲೇ ಕೈ ಎತ್ತಿ 'ರೈಟ್, ಹೋಗಲಿ' ಅಂತೀರ. ಎರಡನೇ ಸಲ ಕೂಗಿದ್ರೆ 'ರೈಟ್ ಅಂದ್ನಲ್ಲ, ಇನ್ನೂ ಯಾಕೋ ನಿಂತಿದ್ದೀಯ' ಅಂತ ಬೈತೀರ. ಮೂರನೇದಕ್ಕೆ..." ಅಷ್ಟರಲ್ಲಿ ಅವಳಿಗೇ ನಗು ಒತ್ತಿಬಂತು. "ಮೂರನೇದಕ್ಕೆ ಎದ್ದು ಕೂತು, ಕಣ್ಣು ಮುಚ್ಕೊಂಡೇ ಕುಕ್ಕರಿಗೆ ಫೈನ್ ಹಾಕ್ತೀರ!"

"ನಾನಾ? ಫೈನಾ?" ಕಂಟ್ರೋಲರು ಹೆಂಡತಿಯ ಕಡೆ ತಿರುಗಿದರು. "ಇಷ್ಟು ವರ್ಷದಲ್ಲಿ ನೀನು ಒಂದು ಮಾತೂ ಹೇಳಿಲ್ಲವಲ್ಲೇ!"

"ಹೇಳಿದ್ರೆ ನಿಲ್ಲಿಸಿಬಿಡ್ತಿದ್ರಿ" ಎಂದಳು ಹೆಂಡತಿ.

ಸೊಸೆ ಕಂಬಿಯ ಮೇಲೆ ತಲೆಯಿಟ್ಟು ನಿದ್ದೆಹೋದ ಮಾವನಾದಳು. ಅತ್ತೆ ಕುಕ್ಕರಾದಳು. ಮಾವ ಗುಡುಗುವ ರೀತಿ, ಕೈ ಬೀಸುವ ರೀತಿ ಎಲ್ಲ ಒಂದು ಕೂದಲೆಳೆ ತಪ್ಪದೆ ಬಂತು. ಕಂಟ್ರೋಲರು ನಕ್ಕು ನಕ್ಕು ಪಕ್ಕೆ ನೋವು ಬಂದು ಕಂಬಿ ಹಿಡಿದುಕೊಂಡರು. "ಎರಡನೇ ಕೂಗಿಗೆ ನನ್ನ ಧ್ವನಿ ಇನ್ನೂ ದಪ್ಪ ಇರಬೇಕಲ್ಲ?" ಎಂದು ತಿದ್ದಿದರು.

ಅವರ ಮುಂದೆ ಸಾಲು ಯಾವಾಗಲೋ ಸರಿದುಹೋಗಿ, ಒಂದು ಬಸ್ಸು ನಿಲ್ಲುವಷ್ಟು ಜಾಗ ಖಾಲಿಯಾಗಿತ್ತು. ಹಿಂದಿದ್ದ ದಂಪತಿ ಮೊದಲು ಕೆಮ್ಮಿ ನೋಡಿದರು. ಕೊನೆಗೆ ಗಂಡ ಕಂಟ್ರೋಲರ ಭುಜ ಮುಟ್ಟಿ, "ಸ್ವಾಮಿ, ಸ್ವಲ್ಪ ಮುಂದೆ ಹೋಗ್ತೀರಾ?" ಎಂದ.

ಕಂಟ್ರೋಲರು ಕಣ್ಣೊರೆಸಿಕೊಂಡು ತಿರುಗಿದರು. ಮುಂದಿನ ಖಾಲಿ ಜಾಗವನ್ನು ನೋಡಿದರು. ಆಮೇಲೆ ಹೆಂಡತಿ ಮಕ್ಕಳನ್ನು ಕಂಬಿಯ ಕಡೆಗೆ ಒತ್ತರಿಸಿಕೊಂಡು ದಾರಿ ಬಿಟ್ಟುಕೊಟ್ಟರು.

"ನೀವು ಹೋಗಿಪ್ಪ. ನಾವು ನಿಧಾನಕ್ಕೆ ಬರ್ತೀವಿ."

ಆ ದಂಪತಿ ಹೋದರು. ಅವರ ಹಿಂದಿನವರೂ ಹೋದರು. ಸೊಸೆ ಕಂಬಿಯ ಮೇಲೆ ಮತ್ತೆ ತಲೆಯಿಟ್ಟು ಕಣ್ಣು ಮುಚ್ಚಿದಳು. ಕಂಟ್ರೋಲರು ಅವಳ ಕೈಯನ್ನು ಸ್ವಲ್ಪ ಮೇಲಕ್ಕೆತ್ತಿ ಸರಿಮಾಡಿ, "ಹ್ಞೂಂ, ಈಗ ಮೊದಲಿಂದ" ಎಂದರು.