ಗುಡ್ಡದ ಸೊಸೆ ಬಿಪಿ ನೋಡಿದಳು

ತಲೆತಲಾಂತರದಿಂದ ಗುಡ್ಡ ಉಳುತ್ತಿದ್ದ ಆ ಮೂಲನಿವಾಸಿಗಳ ಊರಿಗೆ ನರ್ಸಮ್ಮ ಬರುತ್ತಿದ್ದದ್ದು ತಿಂಗಳಿಗೊಮ್ಮೆ. ಕಾಯಿಲೆ ಮಾತ್ರ ದಿನ ನೋಡಿಕೊಂಡು ಬರುತ್ತಿರಲಿಲ್ಲ. ಹೋದ ಬಿತ್ತನೆಯ ಹೊತ್ತಿಗೆ ಒಬ್ಬ ಬಸುರಿ ಫಿಟ್ಸ್ ಬಂದು ಹೊಲದಲ್ಲೇ ತೀರಿಕೊಂಡಳು. ಊರವರು ಹಣೆಬರಹ ಎಂದರು. ಅವಳ ಗೆಳತಿ, ಮೂಲೆಮನೆಯ ಸೊಸೆ, ಹಾಗೆನ್ನಲಿಲ್ಲ. ಊರಿನವರಿಗೇ ಆರೋಗ್ಯ ಸ್ವಯಂಸೇವಕರ ತರಬೇತಿ ಕೊಡುತ್ತಾರೆಂದು ನರ್ಸಮ್ಮ ಹೇಳಿದ್ದೇ ತಡ, ಹೆಸರು ಬರೆಸಿಬಿಟ್ಟಳು.

ಅತ್ತೆ ಕೆಂಡವಾದಳು. "ಐದನೇ ಕ್ಲಾಸು ಓದಿದೋಳು ಡಾಕ್ಟರಾಗ್ತೀಯೇನೇ? ಕಳೆ ಕೀಳೋರು ಯಾರು?"

"ಡಾಕ್ಟರಾಗಲ್ಲ ಅತ್ತೆ. ಡಾಕ್ಟರ ಹತ್ರ ಯಾವಾಗ ಓಡ್ಬೇಕು ಅಂತ ಕಲೀತೀನಿ. ಬೇಗ ಎದ್ದು ಕಳೆ ಕೀಳ್ತೀನಿ. ತರಬೇತಿ ಮಾತ್ರ ಬಿಡಲ್ಲ."

ಬಿಡಲೂ ಇಲ್ಲ. ಭೇದಿಯಾದ ಮಗುವಿಗೆ ಓಆರ್‌ಎಸ್ ಕಲಸುವುದು, ಬಿಪಿ ನೋಡುವುದು, ಬಸುರಿಯರಲ್ಲಿ ಅಪಾಯದ ಗುರುತು ಹಿಡಿಯುವುದು, ಎಲ್ಲವನ್ನೂ ಅವಳ ಮನೆಮಾತಿನಲ್ಲೇ ಹೇಳಿಕೊಟ್ಟರು. ಕೈಗೊಂದು ಬಿಪಿ ಯಂತ್ರವೂ ಬಂತು.

ಒಂದು ಮಧ್ಯಾಹ್ನ ಎಂಟು ತಿಂಗಳ ಬಸುರಿ ನಾದಿನಿ ತಲೆ ಹಿಡಿದುಕೊಂಡು ಕೂತಳು. ಮುಖ ಊದಿತ್ತು.

"ಅತ್ತಿಗೆ, ಕಣ್ಣು ಮಂಜಾಗ್ತಿದೆ."

"ಬಿಸಿಲಿಗೆ ಕಣೇ, ಮಲಗಿದ್ರೆ ಸರಿಹೋಗುತ್ತೆ," ಎಂದಳು ಅತ್ತೆ.

ಸೊಸೆ ನಾದಿನಿಯ ತೋಳಿಗೆ ಪಟ್ಟಿ ಸುತ್ತಿ ನೋಡಿದಳು. ಬಿಪಿ ವಿಪರೀತ ಏರಿತ್ತು.

"ಬಿಸಿಲಲ್ಲ ಅತ್ತೆ. ಫಿಟ್ಸಿಗೆ ಮುಂಚೆ ಹೀಗೇ ಆಗೋದು. ಈಗ್ಲೇ ಹೊರಡ್ಬೇಕು. ಬೈಯೋದಿದ್ರೆ ದಾರೀಲಿ ಬೈಯಿರಿ, ಬನ್ನಿ!"

ಪಕ್ಕದ ಹೊಲದ ಟ್ರ್ಯಾಕ್ಟರಿನಲ್ಲೇ ಹೊರಟರು. ಆಸ್ಪತ್ರೆಯ ಕಿಟಕಿಯಲ್ಲಿದ್ದ ಗುಮಾಸ್ತ ತಲೆಯೆತ್ತಲಿಲ್ಲ.

"ಗುಡ್ಡದೋರಾ? ಸಾಲಲ್ಲಿ ಕೂತ್ಕೊಳ್ಳಿ. ನಿಮಗೆ ಯಾವಾಗ್ಲೂ ಅವಸರ."

ಸೊಸೆ ಕೂರಲಿಲ್ಲ. "ಎಂಟು ತಿಂಗಳ ಬಸುರಿ ಸಾರ್. ಬಿಪಿ ನೂರೆಪ್ಪತ್ತು, ನೂರಹತ್ತು. ತಲೆನೋವು, ಕಣ್ಣು ಮಂಜು. ನಾನು ತರಬೇತಿ ಆದ ಆರೋಗ್ಯ ಸ್ವಯಂಸೇವಕಿ. ಡಾಕ್ಟರನ್ನ ಕರೀರಿ. ಕರೆಯೋವರೆಗೂ ಇಲ್ಲಿಂದ ಕದಲಲ್ಲ!"

ಆ ದನಿ ಒಳಗಿದ್ದ ಡಾಕ್ಟರಮ್ಮನಿಗೇ ಕೇಳಿಸಿತು. ಓಡಿ ಬಂದರು. ಆ ಕ್ಷಣವೇ ಇಂಜೆಕ್ಷನ್ ಶುರುವಾಯಿತು. ಮರುದಿನ ಹೆರಿಗೆ. ಹುಟ್ಟಿದ ಮಗಳು ಪುಟ್ಟವಳು, ಅಳು ಮಾತ್ರ ವಾರ್ಡಿಗೆಲ್ಲ ಕೇಳುವಂಥದು. ತಾಯಿಯೂ ಉಳಿದಳು.

ಅತ್ತೆ ಕಣ್ಣೊರೆಸಿಕೊಂಡು ನೆಟ್ಟಗೆ ಗುಮಾಸ್ತನ ಕಿಟಕಿಗೆ ನಡೆದಳು. "ನೋಡಪ್ಪಾ, ಅವಳು ನನ್ನ ಸೊಸೆ. ಇನ್ನೊಂದ್ಸಲ ಬಂದಾಗ ಮುಖ ನೋಡಿ ಮಾತಾಡು."

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮೂರು ಆಸ್ಪತ್ರೆಗೆ ದೂರ ಇರಬಹುದು. ಅಷ್ಟಕ್ಕೇ ಜೀವ ಕಳೆದುಕೊಳ್ಳಬೇಕೇ? ಬಸುರಿಯ ಮುಖ ಊದಿದರೆ, ತಲೆ ಸಿಡಿದರೆ, ಕಣ್ಣು ಮಂಜಾದರೆ ತಕ್ಷಣ ಆಸ್ಪತ್ರೆಗೆ ಹೊರಡಿ. ಮುಂದಿನ ತರಬೇತಿ ಯಾವಾಗ ಎಂದು ನರ್ಸಮ್ಮನನ್ನು ಇವತ್ತೇ ಕೇಳಿ, ಹೆಸರು ಬರೆಸಿ. ನಿಮಗೆ ಗೊತ್ತಿದ್ದದ್ದನ್ನು ಧೈರ್ಯವಾಗಿ ಹೇಳಿ. ಕೇಳಿಸಿಕೊಳ್ಳದಿದ್ದರೆ ಇನ್ನೂ ಗಟ್ಟಿಯಾಗಿ ಹೇಳಿ.