ಕವರಿನ ಪಕ್ಕದ ಕಾರ್ಡು

ನಾನು ಒಂದು ಸಂಬಳದ ಕಾರ್ಡು. ದೂರದ ಊರೊಂದರಲ್ಲಿ ಪ್ಲಾಸ್ಟಿಕ್ ಹಾಳೆಗಳನ್ನು ಬಿಸಿಮಾಡಿ, ಒತ್ತಿ, ಕತ್ತರಿಸಿ ನನ್ನನ್ನು ಮಾಡಿದರು. ಎದೆಗೆ ಚಿನ್ನದ ಬಣ್ಣದ ಚಿಪ್ ಕೂರಿಸಿದರು. ಒಡವೆ ತೊಟ್ಟೇ ಹುಟ್ಟುವವರು ಲೋಕದಲ್ಲಿ ಎಷ್ಟು ಮಂದಿ? ನನಗೆ ಜಂಬ ಬಂದದ್ದರಲ್ಲಿ ತಪ್ಪೇನಿಲ್ಲ.

ಮದ್ದೂರಿನ ಹತ್ತಿರದ ಒಂದು ಗಾರ್ಮೆಂಟ್ಸಿನಲ್ಲಿ ನಾನು ಜಯಶೀಲಳ ಕೈ ಸೇರಿದೆ. ಅವಳು ಅಂಗಿಗಳಿಗೆ ಕಾಲರ್ ಹೊಲಿಯುವವಳು. "ಇನ್ಮೇಲೆ ಸಂಬಳವೆಲ್ಲ ಇದಕ್ಕೇ" ಎಂದರು ಆಫೀಸಿನವರು. ಬೇಕೋ ಬೇಡವೋ ಎಂದು ಯಾರನ್ನೂ ಕೇಳಲಿಲ್ಲ. ಮೆಸೇಜು ಬರಲು ಫೋನ್ ನಂಬರ್ ಬೇಕೆಂದಾಗ ಜಯಶೀಲ ಗಂಡನದನ್ನು ಕೊಟ್ಟಳು. ಮನೆಗೆ ಇದ್ದದ್ದೇ ಅದೊಂದು ಫೋನು.

ಅವಳು ನನ್ನನ್ನು ಕಣ್ಣಿಗೊತ್ತಿಕೊಂಡು ಪರ್ಸಿನಲ್ಲಿಟ್ಟಳು. ಅಲ್ಲಿ ಆಗಲೇ ಒಂದು ಕಂದು ಕವರ್ ಮಲಗಿತ್ತು. ಹಿಂದಿನ ತಿಂಗಳ ಸಂಬಳ ತಂದ ಕಾಗದದ ಕವರ್. ಒಳಗೆ ಏನೂ ಇಲ್ಲ, ಮೇಲೆ ಅವಳ ಹೆಸರು ಮಾತ್ರ. ಬೆವರಿಗೆ ಮೆತ್ತಗಾಗಿ, ಅಂಚೆಲ್ಲ ಸವೆದಿತ್ತು. ನನ್ನಲ್ಲಿ ತಿಂಗಳ ಸಂಬಳ, ಅದರಲ್ಲಿ ಬರೀ ಗಾಳಿ. ಆದರೂ ಪರ್ಸು ತೆರೆದಾಗಲೆಲ್ಲ ಅವಳ ಬೆರಳು ಮೊದಲು ಸವರುತ್ತಿದ್ದದ್ದು ಅದನ್ನೇ. ನನ್ನ ಹೊಟ್ಟೆಯೊಳಗೆ ಉರಿ ಹತ್ತಿಕೊಂಡದ್ದು ಅಂದಿನಿಂದ.

ಸಂಬಳದ ದಿನ ಅವಳು ಗೇಟು ದಾಟುವ ಮೊದಲೇ ಗಂಡ ಚಲುವರಾಜು ಆಟೋ ತಂದು ನಿಲ್ಲಿಸಿದ್ದ.

"ಅಮ್ಮಿ, ಸಂಬಳ ಬಿತ್ತು! ಮೆಸೇಜ್ ಬಂತು ನೋಡು. ಕಾರ್ಡ್ ಕೊಡಿಲ್ಲಿ, ತಕ್ಕಬತ್ತೀನಿ."

ಚಲುವರಾಜು ಕೆಟ್ಟವನಲ್ಲ. ಕುಡಿತವಿಲ್ಲ, ಜೂಜಿಲ್ಲ. ಆದರೆ ಕೇಳಿದವರಿಗೆ ಇಲ್ಲವೆನ್ನಲಾರ. ಸ್ಟ್ಯಾಂಡಿನಲ್ಲಿ ಒಬ್ಬನ ಆಟೋ ಕೆಟ್ಟರೆ ಇವನೇ ರಿಪೇರಿ ಮಾಡಿಸುವನು. ಇನ್ನೊಬ್ಬನಿಗೆ ಮಗು ಹುಟ್ಟಿದರೆ ಇವನದೇ ಬಿರಿಯಾನಿ. ಊರಿಗೆಲ್ಲ ದೊಡ್ಡಣ್ಣ, ಹೆಂಡತಿಯ ದುಡ್ಡಿನಲ್ಲಿ. ನನಗೇನು, ಅವನ ಅಂಗಿ ಜೇಬಿನಲ್ಲಿ ಮೆರೆದದ್ದೇ ಮೆರೆದದ್ದು. ಪರ್ಸಿಗೆ ಹಿಂತಿರುಗಿದಾಗ ಮಾತ್ರ ಜಯಶೀಲ ನನ್ನ ಕಡೆ ತಿರುಗಿ ನೋಡಲಿಲ್ಲ.

ಮರುದಿನ ಊಟದ ಹೊತ್ತಿನಲ್ಲಿ ಪಕ್ಕದ ಮಿಷನ್ನಿನ ಕೆಂಪಾಜಮ್ಮ ಕೇಳಿದಳು.

"ಏನಮ್ಮಿ, ಈ ತಿಂಗ್ಳು ನನ್ ಕೈಗೆ ಏನೂ ಕೊಡ್ನೇ ಇಲ್ವಲ್ಲ?"

"ಎಲ್ಲಿಂದ ಕೊಡ್ಲಕ್ಕ? ಕವರ್ ಬತ್ತಿದ್ದಾಗ ಬಸ್ಸಲ್ಲೇ ಎರಡು ನೋಟು ಎಳ್ದು ನಿನ್ ಕೈಗಾಕ್ತಿದ್ದೆ. ಈಗ ನಾನು ನೋಡೋಕ್ ಮುಂಚೆ ನಮ್ಮನೇವ್ರು ಲೆಕ್ಕ ಹಾಕಿರ್ತಾರೆ."

"ಮಿಷನ್ನು?"

"ಇನ್ನೂ ಅರ್ಧ ದುಡ್ಡು ಬೇಕು. ಈ ಕಾರ್ಡ್ ಇರೋಗಂಟ ನನ್ನ ಮನೇಲಿ ಮಿಷನ್ ಕೂರಲ್ಲ ಬುಡಕ್ಕ."

ಆಗ ತಿಳಿಯಿತು. ಅವಳು ಸ್ವಂತ ಹೊಲಿಗೆ ಮಿಷನ್ನಿಗೆಂದು ಕೆಂಪಾಜಮ್ಮನ ಹತ್ತಿರ ದುಡ್ಡು ಕೂಡಿಡುತ್ತಿದ್ದಳು. ಆ ಮುದಿ ಕವರ್ ಬಾಯಿ ಬಿಡುತ್ತಿರಲಿಲ್ಲ. ನಾನೋ, ಊರಿಗೆಲ್ಲ ಡಂಗುರ. ತಿಳಿದ ಮೇಲೆ ಉರಿ ಕಡಿಮೆಯಾಗಬೇಕಿತ್ತು. ಇನ್ನೂ ಹೆಚ್ಚಾಯಿತು.

ಕೆಲವು ತಿಂಗಳ ಮೇಲೆ ಲೇಬರ್ ಆಫೀಸಿನ ಮೇಡಂ ಬಂದರು. ಕೆಲಸಗಾರರು ಒಪ್ಪದೆ ಕಾರ್ಡಿಗೆ ಸಂಬಳ ಹಾಕುವಂತಿಲ್ಲ, ಬೇಡವೆಂದವರಿಗೆ ಕೈಗೇ ಕೊಡಬೇಕು ಎಂದರು. ಹೆಂಗಸರು ಮುಖ ಮುಖ ನೋಡಿಕೊಂಡರು. ಮ್ಯಾನೇಜರ ಎದುರು ಬೇಡವೆನ್ನುವವರು ಯಾರು? ಜಯಶೀಲ ಎದ್ದಳು. ಪರ್ಸಿನಿಂದ ನನ್ನನ್ನು ತೆಗೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.

"ಕಾರ್ಡಿದ್ರೆ ಕಳ್ಳರ ಭಯ ಇಲ್ಲವಲ್ಲಮ್ಮ?" ಎಂದರು ಮ್ಯಾನೇಜರು.

"ಕಳ್ಳರ ಭಯ ಇಲ್ಲ ಸಾರ್. ನಮ್ಮನೇವ್ರ ಧಾರಾಳದ್ದೇ ಭಯ."

ಫ್ಲೋರಿಗೆ ಫ್ಲೋರೇ ನಕ್ಕಿತು. ಅವಳು ಮೇಡಂ ಕಡೆ ತಿರುಗಿದಳು.

"ಬ್ಯಾಡ ಅನ್ನೋಕೆ ಕಾರಣ ಹೇಳ್ಬೇಕಾ ಮೇಡಂ?"

"ಕಾರಣ ಯಾಕಮ್ಮ? ನಿಮ್ಮ ದುಡಿಮೆ, ನಿಮ್ಮ ಇಷ್ಟ."

"ಹಂಗಾದ್ರೆ ನನ್ ಕೈಗೇ ಕೊಡ್ಸಿ."

ಅವಳ ಹಿಂದೆ ಕೆಂಪಾಜಮ್ಮ ಎದ್ದಳು. ಆಮೇಲೆ ಎದ್ದವರು ಎಷ್ಟೋ. ಆ ತಿಂಗಳು ಹೊಸ ಕವರ್ ಬಂತು. ನನ್ನ ಉಸಿರು ಅಲ್ಲಿಗೆ ನಿಂತಿತು.

ಮುಂದಿನ ವರ್ಷ ಮಿಷನ್ ಮನೆಗೆ ಬಂತು. ತಂದವನು ಚಲುವರಾಜುವೇ, ತನ್ನ ಆಟೋದಲ್ಲಿ. "ನನ್ ಹೆಂಡ್ತಿ ತಗಂಡಿರೋದು! ಎಲ್ಲಿ ಕೂಡಿಟ್ಟಿದ್ಲೋ ಆ ಶಿವನಿಗೇ ಗೊತ್ತು!" ಎಂದು ಬೀದಿಗೆಲ್ಲ ಸಾರಿದ. ನೆಲ ಏರುತಗ್ಗು, ಮಿಷನ್ ಅಲುಗಿತು. ಜಯಶೀಲ ಸುತ್ತ ಹುಡುಕಿ, ನನ್ನನ್ನು ತೆಗೆದು ಅದರ ಕಾಲಡಿಗೆ ತೂರಿಸಿದಳು. ಸರಿಯಾಗಿ ಕೂತಿತು.

ಈಗ ನನ್ನ ಹೊಟ್ಟೆಕಿಚ್ಚೆಲ್ಲ ಈ ಮಿಷನ್ನಿನ ಮೇಲೆ. ಅದಕ್ಕೆ ಎಣ್ಣೆ, ಅದಕ್ಕೆ ಕುಂಕುಮ, ಶುಕ್ರವಾರ ಅದಕ್ಕೆ ಹೂವು. ಭಾರ ಹೊರುವುದು ಮಾತ್ರ ನಾನು. ರವಿಕೆ ಹೊಲಿಸಿಕೊಂಡವರು ಕೊಟ್ಟ ನೋಟನ್ನು ಅವಳು ಮಡಚಿ ಮಿಷನ್ನಿನ ಹಲಗೆಯ ಅಡಿ ಸಿಕ್ಕಿಸುತ್ತಾಳೆ. ಮೇಲಿನಿಂದ ಯಾರಿಗೂ ಕಾಣದು. ಕೆಳಗಿರುವ ನನಗೆ ಚೆನ್ನಾಗಿ ಕಾಣುತ್ತದೆ. ಯಾರಿಗೂ ಹೇಳೆನು. ಈ ಗುಟ್ಟು ಆ ಕವರಿಗೂ ಗೊತ್ತಿಲ್ಲ.